ಹಾಸಿಗೆ ಅವರದು, ತಿಂಡಿ ಅವರದು, ರಾತ್ರಿ ಊಟ ನಿಮ್ಮದು: ಸ್ಕಾಟ್‌ಲೆಂಡಿನ ಹಳ್ಳಿಮನೆಗಳಲ್ಲಿ ತಂಗುವವರಿಗೆ

ಜೂನ್ ತಿಂಗಳು. ಸ್ಕಾಟ್‌ಲೆಂಡಿನ ಉತ್ತರ ತುದಿಯ ಒಂದು ಹಳ್ಳಿಗೆ ನಾವು ತಲುಪಿದಾಗ ರಾತ್ರಿ ಎಂಟು ಗಂಟೆ. ಹೊರಗೆ ನಮ್ಮೂರಿನ ಸಂಜೆ ಐದರಂಥ ಬಿಸಿಲು. ಇನ್ನೂ ಹೊತ್ತಿದೆ ಅಂತ ಕಡಲ ದಂಡೆಯಲ್ಲಿ ಸುಮ್ನೆ ಮುಕ್ಕಾಲು ಗಂಟೆ ಓಡಾಡಿದೆವು. ಆಮೇಲೆ ಪಬ್ಬಿಗೆ ಹೋದರೆ ಅಡುಗೆಮನೆ ಎಂಟೂವರೆಗೇ ಮುಚ್ಚಿತ್ತು. ಅಂಗಡಿಗೂ ಬೀಗ. ಪಕ್ಕದ ಊರು ಇಪ್ಪತ್ತು ಮೈಲಿ ಆಚೆ, ಅಲ್ಲೂ ಇದೇ ಕತೆ. ಆ ರಾತ್ರಿ ನಮ್ಮ ಊಟ ಅಂದರೆ ಕೋಣೆಯ ಟ್ರೇನಲ್ಲಿದ್ದ ನಾಲ್ಕು ಶಾರ್ಟ್‌ಬ್ರೆಡ್ ಬಿಸ್ಕತ್ತು, ಎರಡು ಲೋಟ ಟೀ. ತಪ್ಪು ನಮ್ಮದೇ. ಬೆಡ್ ಆಂಡ್ ಬ್ರೇಕ್‌ಫಾಸ್ಟ್ ಅಂತ ಹೆಸರಲ್ಲೇ ಹೇಳಿದ್ದಾರಲ್ಲ! ನಡುವಿನ ಊಟದ ಮಾತನ್ನು ಅವರು ಎತ್ತಿಯೇ ಇಲ್ಲ.

ಮಲೆನಾಡಿನ ಹೋಮ್‌ಸ್ಟೇ ರೂಢಿಯಾದವರು ಎಡವುವುದು ಇಲ್ಲೇ. ನಮ್ಮಲ್ಲಿ ಮೂರು ಹೊತ್ತು ಬಡಿಸಿ, ಸಂಜೆಗೆ ಬೋಂಡಾ ಕಾಫಿಯನ್ನೂ ಕೊಡುತ್ತಾರೆ. ಹೈಲ್ಯಾಂಡ್ಸ್, ಅಂದರೆ ಸ್ಕಾಟ್‌ಲೆಂಡಿನ ಉತ್ತರದ ಬೆಟ್ಟನಾಡಿನ ಬಿ ಆಂಡ್ ಬಿ (ಬೆಡ್ ಆಂಡ್ ಬ್ರೇಕ್‌ಫಾಸ್ಟ್) ಹಾಗಲ್ಲ. ಅದು ಯಾರೋ ವಾಸ ಇರುವ ಮನೆ. ಎರಡು ಮೂರು ಕೋಣೆ ಅತಿಥಿಗಳಿಗೆ ಬಿಟ್ಟಿರುತ್ತಾರೆ. ಗಂಡ ಹೆಂಡತಿ ಇಬ್ಬರೇ ಹಾಸಿಗೆ ಹಾಸಿ, ತಿಂಡಿ ಮಾಡಿ, ಲೆಕ್ಕ ಬರೆದು, ನಡುವೆ ಕುರಿಗಳನ್ನೂ ನೋಡಿಕೊಂಡು ಬರುತ್ತಾರೆ. ರಿಸೆಪ್ಷನ್ ಇಲ್ಲ, ರೂಮ್ ಸರ್ವಿಸ್ ಇಲ್ಲ. ಹಾಗಾಗಿ ಪ್ರವಾಸದ ಯೋಜನೆಯನ್ನು ರಾತ್ರಿ ಊಟದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಈ ಲೇಖನದ ಅರ್ಧ ಭಾಗ ಅದೇ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ವಾಯವ್ಯ ಹೈಲ್ಯಾಂಡ್ಸ್. ಇನ್ವರ್ನೆಸ್‌ನಿಂದ ಹೊರಟು ಅಲ್ಲಪೂಲ್, ಲಾಕಿನ್ವರ್, ಡರ್ನೆಸ್, ಟಂಗ್, ಬೆಟ್ಟಿಹಿಲ್ ಮುಗಿಸಿ ವಾಪಸ್.

1. ಮೊದಲು ದಾರಿ ಹಾಕಿ, ಆಮೇಲೆ ಕೋಣೆ ಹುಡುಕಿ

2015ರಲ್ಲಿ ಶುರುವಾದ ನಾರ್ತ್ ಕೋಸ್ಟ್ 500 ಅನ್ನುವ ಸುತ್ತುದಾರಿಯ ಹೆಸರು ನೀವು ಕೇಳಿರಬಹುದು. ಇನ್ವರ್ನೆಸ್‌ನಿಂದ ಹೊರಟು ಉತ್ತರ ಕರಾವಳಿ ಸುತ್ತಿ ಅಲ್ಲಿಗೇ ಮರಳುವ 516 ಮೈಲಿ. ಅದನ್ನು ಐದು ದಿನದಲ್ಲಿ ಮುಗಿಸಿದೆವು ಅಂತ ಹೇಳಿಕೊಳ್ಳುವವರು ಜಾಸ್ತಿ. ನನ್ನ ಸಲಹೆ ಕೇಳಿದರೆ, ಅರ್ಧ ದಾರಿ ಬಿಟ್ಟುಬಿಡಿ. ಒಂದೊಂದು ಊರಿನಲ್ಲಿ ಎರಡು ರಾತ್ರಿ ಇರಿ. ಒಂದೇ ರಾತ್ರಿ ಇದ್ದರೆ ಮನೆಯವರ ಮುಖ ಪರಿಚಯವಾಗುವ ಹೊತ್ತಿಗೆ ಬ್ಯಾಗ್ ಕಟ್ಟುತ್ತಿರುತ್ತೀರಿ. ಬೇಸಿಗೆಯಲ್ಲಿ ಎಷ್ಟೋ ಮನೆಗಳು ಒಂದು ರಾತ್ರಿಗೆ ಕೋಣೆ ಕೊಡುವುದೂ ಇಲ್ಲ.

ಮೈಲಿಯನ್ನು ನಂಬಬೇಡಿ, ಗಂಟೆಯನ್ನು ನೋಡಿ. ಇನ್ವರ್ನೆಸ್‌ನಿಂದ ಅಲ್ಲಪೂಲ್‌ಗೆ 57 ಮೈಲಿ, ಒಳ್ಳೆಯ ರಸ್ತೆ, ಒಂದೂವರೆ ಗಂಟೆ. ಅಲ್ಲಿಂದ ಲಾಕಿನ್ವರ್‌ಗೆ ಸುಮಾರು 37 ಮೈಲಿಗೇ ಒಂದು ಗಂಟೆ. ಡರ್ನೆಸ್‌ನಿಂದ ಟಂಗ್‌ಗೆ ನೆಟ್ಟಗೆ ಹಾರಿದರೆ ಹತ್ತಿರ. ಆದರೆ ರಸ್ತೆ ಲಾಕ್ ಎರಿಬಾಲ್ ಅನ್ನುವ ಕಡಲ ತೋಳನ್ನು ಪೂರ್ತಿ ಸುತ್ತಿಕೊಂಡು ಹೋಗುತ್ತದೆ. ದಾರಿಯಲ್ಲಿ ನಿಲ್ಲುವ ಆಸೆಯೂ ತಡೆಯಲಾಗುವುದಿಲ್ಲ. ಮ್ಯಾಪ್ ತೋರಿಸಿದ ಸಮಯಕ್ಕೆ ಇನ್ನೂ ಅರ್ಧದಷ್ಟು ಸೇರಿಸಿಕೊಳ್ಳಿ.

ಆರು ರಾತ್ರಿಗಾದರೆ ಹೀಗೆ ಹಾಕಿ: ಲಾಕಿನ್ವರ್ ಸುತ್ತಮುತ್ತ ಎರಡು, ಡರ್ನೆಸ್ ಅಥವಾ ಸ್ಕೌರಿಯಲ್ಲಿ ಎರಡು, ಟಂಗ್ ಅಥವಾ ಬೆಟ್ಟಿಹಿಲ್‌ನಲ್ಲಿ ಎರಡು. ಮೊದಲ ದಿನ ಕೊರಿಶ್ಯಾಲಕ್ ಕಮರಿಯ ತೂಗುಸೇತುವೆ ಮತ್ತು ನಾಕನ್ ಕ್ರಾಗ್ ದಾರಿಯಲ್ಲೇ ಸಿಗುತ್ತವೆ. ನಾಕನ್ ಕ್ರಾಗ್‌ನಲ್ಲಿ ಹಳೆಯ ಬಂಡೆ ಮೇಲೆ, ಹೊಸ ಬಂಡೆ ಕೆಳಗೆ. ಭೂವಿಜ್ಞಾನಿಗಳು ಈ ತಲೆಕೆಳಗಿನ ಲೆಕ್ಕಕ್ಕಾಗಿ 19ನೇ ಶತಮಾನದಲ್ಲಿ ದಶಕಗಟ್ಟಲೆ ಜಗಳವಾಡಿದರು. ಲಾಕಿನ್ವರ್‌ನಿಂದ ಅಕ್‌ಮೆಲ್‌ವಿಕ್‌ನ ಬಿಳಿ ಮರಳಿನ ದಂಡೆ ಹತ್ತಿರ. ಡರ್ನೆಸ್‌ನಲ್ಲಿ ಸ್ಮೂ ಗವಿ ಇದೆ. ಸ್ಕೌರಿ ಹತ್ತಿರದ ಟಾರ್ಬೆಟ್‌ನಿಂದ ಹಾಂಡ ದ್ವೀಪಕ್ಕೆ ದೋಣಿ ಇದೆ, ಬೇಸಿಗೆಯಲ್ಲಿ ಪಫಿನ್ ಹಕ್ಕಿ ನೋಡಬಹುದು. ಭಾನುವಾರ ದೋಣಿ ಇಲ್ಲ.

ಕಾರು ಓಡಿಸದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಇನ್ವರ್ನೆಸ್‌ನಿಂದ ಕೈಲ್ ಆಫ್ ಲಾಕ್ಯಾಲ್ಶ್‌ಗೆ ಹೋಗುವ ರೈಲು ಹತ್ತಿ ಪ್ಲಾಕ್ಟನ್‌ನಲ್ಲಿ ಇಳಿಯಿರಿ. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಸ್ಟೇಷನ್‌ನಿಂದ ಊರಿಗೆ ನಡೆದೇ ಹೋಗಬಹುದು, ಊಟಕ್ಕೂ ಜಾಗಗಳಿವೆ. ಅಲ್ಲಪೂಲ್‌ಗಾದರೆ ಇನ್ವರ್ನೆಸ್‌ನಿಂದ ಬಸ್ಸಿದೆ. ಭಾನುವಾರ ಎರಡೂ ಕಡೆ ಓಡಾಟ ಕಡಿಮೆ. ವೇಳಾಪಟ್ಟಿ ನೋಡಿಯೇ ಕೋಣೆ ಹಿಡಿಯಿರಿ.

2. ತಿಂಗಳು

ಮೇ ನನ್ನ ಮೆಚ್ಚಿನ ತಿಂಗಳು. ಮಳೆ ಸ್ವಲ್ಪ ಕಡಿಮೆ, ಗಾರ್ಸ್ ಪೊದೆ ಹಳದಿ ಹೂ ಬಿಟ್ಟಿರುತ್ತದೆ, ಕುರಿಮರಿಗಳು ಎಲ್ಲೆಲ್ಲೂ. ಮುಖ್ಯವಾಗಿ ಮಿಜ್ ಇರುವುದಿಲ್ಲ.

ಮಿಜ್ ಅಂದರೆ ಸೊಳ್ಳೆಗಿಂತ ಎಷ್ಟೋ ಚಿಕ್ಕ ಕಚ್ಚುವ ನೊಣ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಒಂದೆರಡು ಬಂದರೆ ಲೆಕ್ಕಕ್ಕಿಲ್ಲ, ಅದು ಬರುವುದೇ ಮೋಡದ ಹಾಗೆ. ಗಾಳಿ ಇದ್ದರೆ ಹಾರಲಾರದು, ಜೋರು ಬಿಸಿಲೂ ಅದಕ್ಕಾಗದು. ಗಾಳಿ ನಿಂತ ಮೋಡದ ಸಂಜೆ ಅದರ ಹಬ್ಬ. ಅಲ್ಲಿನ ಯಾವ ಅಂಗಡಿಯಲ್ಲೂ ಸ್ಮಿಜ್ ಅನ್ನುವ ಸ್ಪ್ರೇ ಸಿಗುತ್ತದೆ. ತಲೆಗೆ ಹಾಕುವ ಸೊಳ್ಳೆಪರದೆಯಂಥ ಬಲೆಯೂ ಸಿಗುತ್ತದೆ. ನೋಡಲು ನಗು ಬರುತ್ತದೆ, ಹಾಕಿಕೊಂಡವರು ಮಾತ್ರ ನೆಮ್ಮದಿಯಾಗಿರುತ್ತಾರೆ.

ಜೂನ್‌ನಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೇ ಸೂರ್ಯ ಹುಟ್ಟುತ್ತಾನೆ. ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ. ಡಿಸೆಂಬರ್‌ನಲ್ಲಿ ಇದಕ್ಕೆ ತದ್ವಿರುದ್ಧ, ಮಧ್ಯಾಹ್ನ ಮೂರೂವರೆಗೆ ಕತ್ತಲು. ಅಕ್ಟೋಬರ್ ಕೊನೆಯಿಂದ ಈಸ್ಟರ್‌ವರೆಗೆ ಈ ಕಡೆಯ ಬಹಳಷ್ಟು ಮನೆಗಳು ಅತಿಥಿಗಳಿಗೆ ಬಾಗಿಲು ಹಾಕಿರುತ್ತವೆ.

3. ವೀಸಾ ಮೊದಲೋ, ಕೋಣೆ ಮೊದಲೋ?

ಇದು ನಮ್ಮವರಿಗಷ್ಟೇ ಇರುವ ತಲೆನೋವು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಜುಲೈ, ಆಗಸ್ಟ್‌ನ ಕೋಣೆಗಳಾದರೋ ಅದಕ್ಕೂ ಮೊದಲೇ ತುಂಬಿಹೋಗಿರುತ್ತವೆ. ಊರಿಗೆ ನಾಲ್ಕೈದು ಮನೆ, ಮನೆಗೆ ಎರಡು ಕೋಣೆ, ಇನ್ನೇನಾಗುತ್ತದೆ ಹೇಳಿ.

ಆದ್ದರಿಂದ ಕೋಣೆಯನ್ನೇ ಮೊದಲು ಹಿಡಿಯಿರಿ, ಆದರೆ ರದ್ದು ಮಾಡುವ ನಿಯಮ ಓದಿ ಹಿಡಿಯಿರಿ. ಯಾವ ತಾರೀಖಿನವರೆಗೆ ದುಡ್ಡು ವಾಪಸ್ ಬರುತ್ತದೆ ಅನ್ನುವುದನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ. ಚಿಕ್ಕ ಮನೆಗಳಿಗೆ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಆ ವಾರದ ಆದಾಯವೇ ಹೋಗುತ್ತದೆ. ವೀಸಾಕ್ಕೆ ಕಾಯುತ್ತಿದ್ದೇವೆ ಅಂತ ಮುಂಚೆಯೇ ಇಮೇಲ್‌ನಲ್ಲಿ ಹೇಳಿಬಿಡಿ. ಎಷ್ಟೋ ಜನ ಒಪ್ಪಿಕೊಳ್ಳುತ್ತಾರೆ.

ದೊಡ್ಡ ಬುಕಿಂಗ್ ಸೈಟುಗಳಲ್ಲಿ ಹುಡುಕಿ, ಪರವಾಗಿಲ್ಲ. ಆದರೆ ಆ ಮನೆಗೆ ಸ್ವಂತ ವೆಬ್‌ಸೈಟ್ ಇದ್ದರೆ ನೇರವಾಗಿ ಬರೆಯಿರಿ. ಸೈಟಿಗೆ ಹೋಗುವ ಕಮಿಷನ್ ಅವರಿಗೆ ಉಳಿಯುತ್ತದೆ, ನಿಮಗೆ ಮನೆಯವರ ಜೊತೆ ಮಾತು ಶುರುವಾಗುತ್ತದೆ. ಸ್ಕಾಟ್‌ಲೆಂಡಿನಲ್ಲಿ ಈಗ ಇಂಥ ಮನೆಗಳಿಗೆ ಸ್ಥಳೀಯ ಕೌನ್ಸಿಲ್‌ನ ಲೈಸೆನ್ಸ್ ಬೇಕು. ಹಳೆಯ ಮನೆಗಳೂ 2023ರ ಅಕ್ಟೋಬರ್ 1ರೊಳಗೆ ಅರ್ಜಿ ಹಾಕಬೇಕಿತ್ತು. ಜಾಹೀರಾತಿನಲ್ಲಿ ಲೈಸೆನ್ಸ್ ನಂಬರ್ ಇರಬೇಕು. ಅದಿಲ್ಲದೆ ಅಗ್ಗದ ಕೋಣೆ ತೋರಿಸಿ ಮುಂಗಡ ಕೇಳಿದರೆ ಹುಷಾರು.

ಬೇಸಿಗೆಯಲ್ಲಿ ಇಬ್ಬರ ಕೋಣೆಗೆ, ತಿಂಡಿ ಸೇರಿ, ಒಂದು ರಾತ್ರಿಗೆ ಸುಮಾರು 90ರಿಂದ 140 ಪೌಂಡ್ ಅಂದುಕೊಳ್ಳಿ. ಹಳೇ ಕಾಲದ ಕೆಲವು ಮನೆಗಳು ಈಗಲೂ ತಲೆಗಿಷ್ಟು ಅಂತ ದರ ಹೇಳುತ್ತವೆ. 50 ಪೌಂಡ್ ಅಂತ ನೋಡಿ ಖುಷಿಪಡುವ ಮುನ್ನ ಅದು ಕೋಣೆಗೋ ತಲೆಗೋ ಕೇಳಿ.

4. ಇಮೇಲ್‌ನಲ್ಲಿ ಕೇಳಬೇಕಾದ್ದು

ಬಾತ್‌ರೂಮು ಎಲ್ಲಿದೆ? ಆನ್‌ಸ್ವೀಟ್ ಅಂದರೆ ಕೋಣೆಯೊಳಗೇ. ಪ್ರೈವೇಟ್ ಅಂದರೆ ನಿಮಗೊಬ್ಬರಿಗೇ, ಆದರೆ ಕೋಣೆಯ ಹೊರಗೆ, ಪಡಸಾಲೆಯ ಆಚೆ ಇರಬಹುದು. ಶೇರ್ಡ್ ಅಂದರೆ ಇನ್ನೊಂದು ಕೋಣೆಯವರ ಜೊತೆ. ಈ ಮೂರರ ನಡುವೆ ದರದಲ್ಲೂ ವ್ಯತ್ಯಾಸ ಇದೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಕೆಳಗಿನ ಅಂತಸ್ತಿನ ಕೋಣೆ ಇದೆಯಾ ಅಂತ ಕೇಳಲೇಬೇಕು. ಹಳೆಯ ಮನೆಗಳ ಮೆಟ್ಟಿಲು ಕಡಿದು, ಇಕ್ಕಟ್ಟು. ಮಕ್ಕಳಿದ್ದರೆ ವಯಸ್ಸು ಬರೆಯಿರಿ. ಕೆಲವು ಮನೆಗಳಲ್ಲಿ ಸಣ್ಣ ಮಕ್ಕಳಿಗೆ ಅವಕಾಶ ಇಲ್ಲ. ಇಬ್ಬರ ಕೋಣೆ ಅಂದರೆ ಇಬ್ಬರೇ, ಮೂರನೆಯವರಿಗೆ ಕೆಳಗೆ ಹಾಸಿಗೆ ಹಾಸುವ ಪದ್ಧತಿ ಇಲ್ಲ. ಆರೇಳು ಜನರ ಕುಟುಂಬ, ದಿನಾ ಅನ್ನ ಸಾರು ಬೇಕು ಅನ್ನುವವರು ನೇರವಾಗಿ ಒಂದು ಕಾಟೇಜ್ ಬಾಡಿಗೆಗೆ ಹಿಡಿಯಿರಿ. ಬಿ ಆಂಡ್ ಬಿ ನಿಮಗಲ್ಲ. ಇದರಲ್ಲಿ ಸಂಕೋಚ ಬೇಡ.

ಇನ್ನು ಮೂರು ಪ್ರಶ್ನೆ: ರಾತ್ರಿ ಊಟ ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿನವರೆಗೆ? ಮನೆ ತಲುಪುವ ದಾರಿ ಹೇಗೆ? ನೀವು ಎಷ್ಟು ಗಂಟೆಗೆ ಬರಬಹುದು? ದಾರಿಯ ಪ್ರಶ್ನೆ ಸುಮ್ನೆ ಅಲ್ಲ. ಈ ಕಡೆ ಒಂದು ಪೋಸ್ಟ್‌ಕೋಡ್ ಮೈಲಿಗಟ್ಟಲೆ ಜಾಗಕ್ಕೆ ಸೇರಿರುತ್ತದೆ. ಅದನ್ನೇ ನಂಬಿದರೆ ಫೋನು ನಿಮ್ಮನ್ನು ಯಾವುದೋ ಗದ್ದೆಯ ಬೇಲಿಗೆ ತಂದು ನಿಲ್ಲಿಸುತ್ತದೆ. "ಕೆಂಪು ಅಂಚೆಪೆಟ್ಟಿಗೆ ದಾಟಿದ ಮೇಲೆ ಎಡಕ್ಕೆ ಎರಡನೇ ಗೇಟು" ಅನ್ನುವಂಥ ವಿವರ ಬರೆಸಿಕೊಂಡು, ಕಾಗದದಲ್ಲಿ ಇಟ್ಟುಕೊಳ್ಳಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಬೆಟ್ಟದ ಮರೆಯಲ್ಲಿ ಸಿಗ್ನಲ್ ಹೋಗುವುದು ಮಾಮೂಲು.

ಬರುವ ಸಮಯ ಸಾಮಾನ್ಯವಾಗಿ ಸಂಜೆ ನಾಲ್ಕರ ಮೇಲೆ. ಹೇಳಿದ ಹೊತ್ತಿಗಿಂತ ತಡವಾದರೆ ಫೋನ್ ಮಾಡಿ. ನಿಮಗಾಗಿ ಒಬ್ಬರು ಕಿಟಕಿಯಲ್ಲಿ ಕಾಯುತ್ತಿರುತ್ತಾರೆ, ಹೋಟೆಲಿನ ಹಾಗೆ ಪಾಳಿಯವರಲ್ಲ.

5. ಕಾರು, ಒಂಟಿ ರಸ್ತೆ

ನಮ್ಮ ಹಾಗೇ ಎಡಗಡೆ ಓಡಿಸುವುದು, ಸ್ಟಿಯರಿಂಗ್ ಬಲಕ್ಕೆ. ಇಂಗ್ಲಿಷ್‌ನಲ್ಲೂ ಬರೆದಿರುವ ನಮ್ಮ ಡಿಎಲ್ ಕಾರ್ಡ್‌ನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಬಾಡಿಗೆ ಕಂಪನಿಗಳಿಗೆ ತಮ್ಮದೇ ಷರತ್ತು ಇರುತ್ತದೆ. ವಯಸ್ಸು, ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್, ಕೆಲವೊಮ್ಮೆ ಅಂತರರಾಷ್ಟ್ರೀಯ ಪರ್ಮಿಟ್. ಮೊದಲೇ ಕೇಳಿ. ಗೇರ್ ಇಲ್ಲದ ಕಾರು ಬೇಕಿದ್ದರೆ ಹಾಗಂತ ಹೇಳಿಯೇ ಬುಕ್ ಮಾಡಿ. ಚಿಕ್ಕ ಕಾರನ್ನೇ ತೆಗೆದುಕೊಳ್ಳಿ.

ಯಾಕೆ ಚಿಕ್ಕದು ಅಂದರೆ, ರಸ್ತೆಯೇ ಒಂದು ಕಾರಿನಷ್ಟು ಅಗಲ. ಎದುರಿನಿಂದ ಬಂದವರಿಗೆ ದಾರಿ ಬಿಡಲು ಅಲ್ಲಲ್ಲಿ ಉಬ್ಬಿದ ಜಾಗ ಇರುತ್ತದೆ, ಪಾಸಿಂಗ್ ಪ್ಲೇಸ್ ಅನ್ನುವ ಬಿಳಿ ಫಲಕದೊಂದಿಗೆ. ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ದಾಟಿ ಹೋಗಬೇಡಿ. ಅದರ ಎದುರಿಗೆ, ನಿಮ್ಮ ಎಡ ಅಂಚಿನಲ್ಲೇ ನಿಲ್ಲಿ. ಎದುರಿನವರು ಆ ಉಬ್ಬಿನೊಳಗೆ ಹೋಗಿ ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಏರು ಹತ್ತುತ್ತಿರುವವರಿಗೆ ಮೊದಲು ದಾರಿ. ಇಷ್ಟು ಎಲ್ಲರಿಗೂ ಒಂದೇ ದಿನದಲ್ಲಿ ಬಂದುಬಿಡುತ್ತದೆ.

ಎಲ್ಲರೂ ಮರೆಯುವುದು ಹಿಂದಿನವರನ್ನು. ಕನ್ನಡಿಯಲ್ಲಿ ಒಂದು ಕಾರು ಕಂಡರೆ, ಮುಂದಿನ ಪಾಸಿಂಗ್ ಪ್ಲೇಸ್‌ನಲ್ಲಿ ಸರಿದು ಅವರನ್ನು ಬಿಡಿ. ಅವರು ಪ್ರವಾಸಿಗಳಲ್ಲದೆ ಇರಬಹುದು. ಕೆಲಸಕ್ಕೆ ಹೊರಟ ನರ್ಸ್ ಆಗಿರಬಹುದು, ಅಂಚೆಯವರಿರಬಹುದು. ಫೋಟೋಗಾಗಿ ಆ ಜಾಗದಲ್ಲಿ ಕಾರು ನಿಲ್ಲಿಸಿ ಇಳಿಯುವುದಂತೂ ಊರವರಿಗೆ ಬೆಂಕಿ ಹತ್ತುವ ವಿಷಯ. ದಾರಿ ಬಿಟ್ಟವರಿಗೆ ಸ್ಟಿಯರಿಂಗ್‌ನಿಂದ ಒಂದು ಬೆರಳೆತ್ತಿದರೆ ಸಾಕು, ಅದೇ ಥ್ಯಾಂಕ್ಸ್. ನಾಲ್ಕನೇ ದಿನಕ್ಕೆ ನೀವೂ ಊರವರ ಹಾಗೆ ಬೆರಳೆತ್ತುತ್ತಿರುತ್ತೀರಿ.

ಆಪಲ್‌ಕ್ರಾಸ್‌ಗೆ ಹೋಗುವ ಬ್ಯಾಲಕ್ ನ ಬಾ ಘಾಟಿಯನ್ನು ಮೊದಲ ದಿನವೇ ಹತ್ತಬೇಡಿ. ಗೇಲಿಕ್ ಭಾಷೆಯಲ್ಲಿ ಆ ಹೆಸರಿನ ಅರ್ಥ ದನಗಳ ಘಾಟಿ ಅಂತ. 626 ಮೀಟರ್ ಎತ್ತರ, ಹೇರ್‌ಪಿನ್ ತಿರುವು, ಒಂಟಿ ರಸ್ತೆ. ಆಗುಂಬೆಯಲ್ಲಿ ಓಡಿಸಿದ್ದೇನೆ ಅನ್ನುವವರಿಗೂ ಇಲ್ಲಿ ಎದುರಿನ ಕ್ಯಾಂಪರ್‌ವ್ಯಾನ್ ಬೆವರು ಇಳಿಸುತ್ತದೆ.

ಪೆಟ್ರೋಲ್ ಅರ್ಧಕ್ಕೆ ಇಳಿದಾಗ ಬಂಕ್ ಕಂಡರೆ ತುಂಬಿಸಿ, ಮುಂದಿನದ್ದಕ್ಕೆ ಕಾಯಬೇಡಿ. ಮುಸ್ಸಂಜೆಗೆ ಜಿಂಕೆ ಅಡ್ಡ ಬರುತ್ತದೆ. ಕುರಿಗಳು ಯಾವಾಗಲೂ ರಸ್ತೆಯಲ್ಲೇ ಮಲಗಿರುತ್ತವೆ, ಹಾರ್ನ್‌ಗೆ ಕ್ಯಾರೇ ಅನ್ನುವುದಿಲ್ಲ. ಕುಡಿದು ಓಡಿಸುವ ಮಿತಿ ಸ್ಕಾಟ್‌ಲೆಂಡಿನಲ್ಲಿ ಇಂಗ್ಲೆಂಡಿಗಿಂತ ಬಿಗಿ. 2014ರ ಡಿಸೆಂಬರ್‌ನಿಂದ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ. ರಾತ್ರಿಯ ವಿಸ್ಕಿ ಬೆಳಿಗ್ಗೆಯೂ ರಕ್ತದಲ್ಲಿರಬಹುದು, ನೆನಪಿರಲಿ. ಅಪಘಾತವಾದರೆ 999 ಅಥವಾ 112.

6. ರಾತ್ರಿ ಊಟ: ದಿನದ ಲೆಕ್ಕ ಇಲ್ಲಿಂದ ಶುರು

ಕೋಣೆ ಖಚಿತವಾದ ದಿನವೇ ಊಟದ ಟೇಬಲ್ಲನ್ನೂ ಹಿಡಿಯಿರಿ. ತಮಾಷೆಯಲ್ಲ. ಊರಿಗೆ ಒಂದೋ ಎರಡೋ ಊಟದ ಜಾಗ. ಅಡುಗೆಮನೆ ಎಂಟು, ಎಂಟೂವರೆಗೆ ಮುಚ್ಚುತ್ತದೆ. ಜುಲೈನಲ್ಲಿ ಆ ಟೇಬಲ್‌ಗಳೆಲ್ಲ ಮುಂಚೆಯೇ ಹೋಗಿರುತ್ತವೆ. ಆರೂವರೆಗೆ ಊಟವಾ ಅಂತ ಮೂಗು ಮುರಿಯಬೇಡಿ. ಊಟ ಮುಗಿಸಿ ಹೊರಗೆ ಬಂದರೆ ಇನ್ನೂ ಸುಮಾರು ಮೂರು ಗಂಟೆ ಬೆಳಕಿರುತ್ತದೆ. ದಿನದ ಸುತ್ತಾಟವನ್ನು ಆ ಆರೂವರೆಗೆ ಊಟದ ಟೇಬಲ್ ತಲುಪುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ.

ಮನೆಯವರೇ ಊಟ ಹಾಕುವ ಜಾಗಗಳೂ ಕೆಲವು ಇವೆ. ಮೊದಲೇ ಹೇಳಬೇಕು, ಅದಕ್ಕೆ ಬೇರೆ ದುಡ್ಡು. ಸಿಕ್ಕರೆ ಬಿಡಬೇಡಿ.

ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ಭಾನುವಾರ ಇನ್ನೂ ಬೇಗ. ದೋಣಿ ಹತ್ತಿ ಲೂಯಿಸ್, ಹ್ಯಾರಿಸ್ ದ್ವೀಪಕ್ಕೆ ಹೋದರೆ ಭಾನುವಾರ ಬಹುತೇಕ ಎಲ್ಲವೂ ಬಂದ್. ಅಲ್ಲಿನ ಸ್ಟಾರ್ನೊವೇ ಬಂದರಿಗೆ ಭಾನುವಾರದ ದೋಣಿ ಶುರುವಾದದ್ದೇ 2009ರಲ್ಲಿ, ಅದೂ ವಿರೋಧದ ನಡುವೆ. ಶನಿವಾರವೇ ಬ್ರೆಡ್ಡು, ಹಣ್ಣು, ಚೀಸ್ ಕೊಂಡಿಡಿ.

ಊರಿಂದ ಒಯ್ಯಬೇಕಾದ್ದು: ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ನಾಲ್ಕೈದು. ಚಟ್ನಿಪುಡಿ ಒಂದು ಡಬ್ಬಿ. ಕೋಣೆಯಲ್ಲಿ ಕೆಟಲ್ ಇದ್ದೇ ಇರುತ್ತದೆ. ಹಾಲು, ಮೊಸರು, ಪೇಡದಂಥ ಹಾಲಿನ ಸಿಹಿ, ಮಾಂಸ ಇವನ್ನು ಭಾರತದಿಂದ ಬ್ರಿಟನ್‌ಗೆ ಒಯ್ಯುವಂತಿಲ್ಲ. ಕೋಣೆಯಲ್ಲಿ ತಿನ್ನಬಹುದಾ ಅಂತ ಮನೆಯವರನ್ನು ಕೇಳಿ. ಒಗ್ಗರಣೆ ವಾಸನೆ ಕಾರ್ಪೆಟ್‌ನಿಂದ ವಾರವಾದರೂ ಹೋಗುವುದಿಲ್ಲ ಅನ್ನುವುದು ಅವರ ಭಯ, ನಿಜವೂ ಹೌದು. ಅಕ್ಕಿ ಕುಕ್ಕರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

7. ಮನೆಯೊಳಗೆ

ಬಾಗಿಲಲ್ಲೇ ಶೂ ಬಿಚ್ಚಿ. ನಮಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ. ಒದ್ದೆ ಬೂಟು, ಜಾಕೆಟ್ ಒಣಗಿಸಲು ಎಷ್ಟೋ ಮನೆಗಳಲ್ಲಿ ಬೇರೆ ಕೋಣೆಯೇ ಇರುತ್ತದೆ.

ಬಾತ್‌ರೂಮಿನಲ್ಲಿ ನಮ್ಮವರು ಕಂಗಾಲಾಗುವುದು ಮೂರು ಕಡೆ. ಒಂದು, ಷವರ್ ತಿರುಗಿಸಿದರೂ ನೀರು ಬರುವುದಿಲ್ಲ. ಛಾವಣಿಯಿಂದ ಇಳಿಬಿದ್ದ ದಾರ ಎಳೆಯಿರಿ, ಅದೇ ಷವರ್‌ನ ಸ್ವಿಚ್ಚು. ಎಳೆದರೆ ಚಿಕ್ಕ ದೀಪ ಹತ್ತುತ್ತದೆ. ಹೋಟೆಲುಗಳಲ್ಲಿ, ಅಂಗವಿಕಲರ ಟಾಯ್ಲೆಟ್‌ನಲ್ಲಿ ಕಾಣುವ ಕೆಂಪು ದಾರ ಮಾತ್ರ ಬೇರೆ. ಅದನ್ನು ಎಳೆದರೆ ಸಹಾಯಕ್ಕೆ ಜನ ಓಡಿಬರುತ್ತಾರೆ. ಎರಡು, ನೆಲದಲ್ಲಿ ನೀರು ಹೋಗುವ ತೂತಿಲ್ಲ. ಸ್ನಾನ ಗಾಜಿನ ಪೆಟ್ಟಿಗೆಯೊಳಗೇ ಮುಗಿಯಬೇಕು. ಹೊರಗೆ ಚೆಲ್ಲಿದ ನೀರು ಕೆಳಗಿನ ಕೋಣೆಯ ಛಾವಣಿಯಲ್ಲಿ ತೊಟ್ಟಿಕ್ಕುತ್ತದೆ. ಮೂರು, ಟಾಯ್ಲೆಟ್ ಪಕ್ಕ ನೀರಿನ ಪಿಚಕಾರಿ ಇರುವುದಿಲ್ಲ. ಸಣ್ಣ ಚೊಂಬೋ ಬಾಟಲಿಯೋ ಒಯ್ಯಿರಿ. ವೆಟ್ ವೈಪ್ಸ್ ಟಾಯ್ಲೆಟ್‌ಗೆ ಹಾಕಲೇಬೇಡಿ. ಹಳ್ಳಿಮನೆಗಳದ್ದು ಸ್ವಂತ ಗುಂಡಿ, ಕಟ್ಟಿಕೊಂಡರೆ ತೆಗೆಯುವವರು ಬರಲು ಇಡೀ ದಿನ ಬೇಕು.

ನಲ್ಲಿಯಲ್ಲಿ ತೆಳು ಟೀ ಬಣ್ಣದ ನೀರು ಬಂದರೆ ಗಾಬರಿಯಾಗಬೇಡಿ. ಪೀಟ್ ಅನ್ನುವ ಜೌಗು ಮಣ್ಣಿನ ಮೇಲೆ ಹರಿದು ಬಂದ ಬಣ್ಣ ಅದು. ಸ್ವಂತ ಊಟೆಯ ನೀರು ಬಳಸುವ ಮನೆಗಳಲ್ಲಿ ಕುಡಿಯಲು ಯಾವುದು ಅಂತ ಒಂದು ಮಾತು ಕೇಳಿದರೆ ಸಾಕು.

ತಲೆಗೆ ಎಣ್ಣೆ ಹಚ್ಚುವವರು ದಿಂಬಿನ ಮೇಲೆ ನಿಮ್ಮದೇ ಟವೆಲ್ ಹಾಸಿಕೊಳ್ಳಿ. ಊದುಬತ್ತಿ ಹಚ್ಚಬೇಡಿ, ಹೊಗೆಯ ಅಲಾರಂ ಇಡೀ ಮನೆಯನ್ನು ಎಬ್ಬಿಸುತ್ತದೆ. ನಮ್ಮ ಪ್ಲಗ್ಗು ಅಲ್ಲಿಗೆ ಹಿಡಿಸುವುದಿಲ್ಲ, ಅಡಾಪ್ಟರ್ ಬೇಕು. ವೋಲ್ಟೇಜ್ ಒಂದೇ.

ಸಂಜೆ ಮನೆಯವರು ಮಾತಿಗೆ ಸಿಕ್ಕರೆ ನೆಲದ ಬಗ್ಗೆ ಕೇಳಿ. ಇಲ್ಲಿನ ಹಲವು ಮನೆಗಳು ಕ್ರಾಫ್ಟ್‌ಗಳು, ಅಂದರೆ ಗೇಣಿಗೆ ಹಿಡಿದ ಚಿಕ್ಕ ಹಿಡುವಳಿಗಳು. 1814ರಲ್ಲಿ, ಮತ್ತೆ 1819ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯ ರೈತರನ್ನು ಜಮೀನ್ದಾರಿ ಮನೆತನ ಒಕ್ಕಲೆಬ್ಬಿಸಿತು. ಕುರಿ ಸಾಕಲು ಜಾಗ ಬೇಕಿತ್ತು. ಮನೆಗಳಿಗೆ ಬೆಂಕಿಯನ್ನೂ ಇಟ್ಟರು. ಅಲ್ಲಿಂದ ಬಂದವರು ಕಡಲ ಅಂಚಿನ ಕಲ್ಲುನೆಲದಲ್ಲಿ ನೆಲೆ ನಿಂತರು. ಬೆಟ್ಟಿಹಿಲ್‌ನ ಹೆಸರು ಆ ಮನೆತನದ ಕೌಂಟೆಸ್ ಎಲಿಜಬೆತ್‌ಳದ್ದೇ, ಬೆಟ್ಟಿ ಅಂದರೆ ಎಲಿಜಬೆತ್ ಹೆಸರಿನ ಚಿಕ್ಕ ರೂಪ. ಗೇಣಿದಾರರನ್ನು ಎಬ್ಬಿಸದಂತೆ ಕಾನೂನು ಬಂದದ್ದು 1886ರಲ್ಲಿ. 1993ರಲ್ಲಿ ಲಾಕಿನ್ವರ್ ಉತ್ತರದ ಆಸಿಂಟ್ ಕ್ರಾಫ್ಟರ್‌ಗಳು ಚಂದಾ ಎತ್ತಿ ತಮ್ಮ ನೆಲವನ್ನು ತಾವೇ ಕೊಂಡುಕೊಂಡರು. ಅಷ್ಟು ಚಿಕ್ಕ ಹಿಡುವಳಿಯಿಂದ ಹೊಟ್ಟೆ ತುಂಬುವುದಿಲ್ಲ. ಮೀನು, ಅಂಚೆ ಕೆಲಸ, ಶಾಲೆಯ ಬಸ್ಸು, ಜೊತೆಗೆ ಎರಡು ಕೋಣೆಯ ಬಿ ಆಂಡ್ ಬಿ ಹೀಗೆ ನಾಲ್ಕು ಕೆಲಸ ಸೇರಿಸಿ ಒಂದು ಸಂಸಾರ ನಡೆಯುತ್ತದೆ. ನೀವು ಮಲಗುವ ಕೋಣೆಯ ಹಿಂದೆ ಇಷ್ಟು ಕತೆ ಇದೆ.

8. ಬೆಳಗಿನ ತಿಂಡಿ

ಹಿಂದಿನ ರಾತ್ರಿಯೇ ಒಂದು ಚೀಟಿ ಕೊಡುತ್ತಾರೆ. ಏನು ಬೇಕು, ಎಷ್ಟು ಹೊತ್ತಿಗೆ ಅಂತ ಗುರುತು ಹಾಕಿ ಕೊಡಬೇಕು. ಎಂಟರಿಂದ ಒಂಬತ್ತರ ನಡುವೆ ಒಂದು ಸಮಯ. ಎಂಟೂವರೆ ಅಂದರೆ ಎಂಟೂವರೆಗೆ ಕೂತಿರಿ, ತಟ್ಟೆ ಬಿಸಿಯಾಗಿ ಬರುತ್ತದೆ. ಬೇಗ ಹೊರಡಬೇಕಿದ್ದರೆ ಹೇಳಿ, ಪೊಟ್ಟಣ ಕಟ್ಟಿಕೊಡುವವರೂ ಇದ್ದಾರೆ.

ಪೂರ್ತಿ ತಟ್ಟೆಯಲ್ಲಿ ಬರುವುದು: ಬೇಕನ್, ಸಾಸೇಜ್, ಚೌಕಾಕಾರದ ಲೋರ್ನ್ ಸಾಸೇಜ್, ರಕ್ತ ಮತ್ತು ಓಟ್ಸ್ ಸೇರಿಸಿ ಮಾಡುವ ಬ್ಲ್ಯಾಕ್ ಪುಡಿಂಗ್, ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶವನ್ನು ಓಟ್ಸ್, ಈರುಳ್ಳಿ ಜೊತೆ ಬೇಯಿಸಿದ ಹ್ಯಾಗಿಸ್, ಮೊಟ್ಟೆ, ಬೀನ್ಸ್, ಟೊಮೇಟೊ, ಅಣಬೆ. ಮಾಂಸ ತಿನ್ನುವವರು ಹ್ಯಾಗಿಸ್ ಒಂದು ಸಲ ರುಚಿ ನೋಡಿ. ಮೆಣಸಿನ ಖಾರ ಇರುತ್ತದೆ, ಹೆಸರಿಗೆ ಹೆದರಿದಷ್ಟು ಏನಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ತಿನ್ನುವವರು ಅಂತಲೇ ಅರ್ಥ. ವೀಗನ್ ಅಂದರೆ ಮೊಟ್ಟೆ ಹೋಗುತ್ತದೆ, ಜೊತೆಗೆ ಹಾಲು ಬೆಣ್ಣೆಯೂ ಹೋಗುತ್ತದೆ. ಆದ್ದರಿಂದ ಹಣೆಪಟ್ಟಿ ಬೇಡ, ಬಿಡಿಸಿ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಾಲು ಬೆಣ್ಣೆ ಚೀಸ್ ಪರವಾಗಿಲ್ಲ, ಬೇಕನ್ ಹುರಿದ ಬಾಣಲೆ ಬೇಡ. ಬುಕ್ ಮಾಡುವಾಗ ಒಮ್ಮೆ, ಹೋಗುವ ವಾರ ಇನ್ನೊಮ್ಮೆ. ಹತ್ತಿರದ ದೊಡ್ಡ ಅಂಗಡಿ ಐವತ್ತು ಮೈಲಿ ದೂರ ಇರುವ ಕಡೆ ರಾತ್ರಿ ಹೇಳಿದರೆ ಬೆಳಿಗ್ಗೆ ಸಿಗುವುದು ಟೋಸ್ಟ್ ಮಾತ್ರ.

ಮೊದಲೇ ಹೇಳಿದರೆ ಒಳ್ಳೊಳ್ಳೆಯದೇ ಸಿಗುತ್ತದೆ. ಸಸ್ಯಾಹಾರಿ ಹ್ಯಾಗಿಸ್ ಇದೆ. ಎಡಿನ್‌ಬರಾದ ಮ್ಯಾಕ್‌ಸ್ವೀನ್ ಕಂಪನಿ 1984ರಿಂದ ಮಾಡುತ್ತಿದೆ. ಬೇಳೆ, ಕಾಳು, ಓಟ್ಸ್, ತರಕಾರಿ ಹಾಕಿದ್ದು. ಟ್ಯಾಟಿ ಸ್ಕೋನ್ ಅಂದರೆ ಆಲೂಗೆಡ್ಡೆ, ಹಿಟ್ಟು, ಬೆಣ್ಣೆ ಕಲಸಿ ಕಾವಲಿಯ ಮೇಲೆ ಬೇಯಿಸಿದ ತೆಳು ರೊಟ್ಟಿ. ಚಟ್ನಿಪುಡಿ ಡಬ್ಬಿ ತೆಗೆಯಬೇಕಾದ್ದು ಆಗಲೇ.

ಎಲ್ಲಕ್ಕಿಂತ ಪಾರಿಜ್. ಓಟ್ಸ್ ಗಂಜಿ. ನೀರು, ಉಪ್ಪು, ಓಟ್ಸ್ ಇಷ್ಟೇ. ಸ್ಪರ್ಟಲ್ ಅನ್ನುವ ಮರದ ಕೋಲಿನಿಂದ ತಿರುವುತ್ತಲೇ ಇರುತ್ತಾರೆ. ನಮ್ಮ ಮುದ್ದೆ ಕೋಲಿನ ದೂರದ ತಮ್ಮ ಅನ್ನಬಹುದು. ಕಾರ್‌ಬ್ರಿಜ್ ಅನ್ನುವ ಊರಿನಲ್ಲಿ 1994ರಿಂದ ಪಾರಿಜ್ ಮಾಡುವ ಜಾಗತಿಕ ಸ್ಪರ್ಧೆಯೇ ನಡೆಯುತ್ತದೆ, ಗೆದ್ದವರಿಗೆ ಚಿನ್ನದ ಬಣ್ಣದ ಸ್ಪರ್ಟಲ್. ಮನೆಗಳಲ್ಲಿ ಜೇನು, ಕೆನೆ, ಕೆಲವು ಕಡೆ ಒಂದು ಚಮಚ ವಿಸ್ಕಿ ಹಾಕಿ ಕೊಡುತ್ತಾರೆ. ನಾನು ಉಪ್ಪಿನದನ್ನೇ ಕೇಳಿ ಉಂಡೆ. ಮಳೆಯ ಬೆಳಿಗ್ಗೆ, ಕಿಟಕಿಯಾಚೆ ಬೂದು ಕಡಲು, ಕೈಯಲ್ಲಿ ಗಂಜಿ ಬಟ್ಟಲು. ಆ ಮೊದಲ ರಾತ್ರಿಯ ಹಸಿವು ಮರುದಿನ ತೀರಿದ್ದು ಇದರಿಂದಲೇ.

9. ಹೊರಡುವ ದಿನ

ಹತ್ತು, ಹತ್ತೂವರ‍ೆಯೊಳಗೆ ಕೋಣೆ ಬಿಡಬೇಕು. ಕೆಲವು ಮನೆಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಒಂದು ರಾತ್ರಿಯ ದುಡ್ಡಾದರೂ ನಗದು ಇಟ್ಟುಕೊಳ್ಳಿ. ಸ್ಕಾಟ್‌ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಊರಿಗೆ ಮರಳುವ ಮುನ್ನ ಅವನ್ನು ಖರ್ಚು ಮಾಡಿಬಿಡಿ. ಟಿಪ್ಸ್ ಕೊಡುವ ರೂಢಿ ಇಲ್ಲ. ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ, ಅತಿಥಿಗಳ ಪುಸ್ತಕದಲ್ಲಿ ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಏನು ಬರೆದಿದ್ದೀರಿ ಅಂತ ಓದಿಸಿ ಕೇಳುತ್ತಾರೆ.

ಮುಂದಿನ ದಾರಿ ಹೇಗಿದೆ ಅಂತ ಮನೆಯವರನ್ನು ಕೇಳಿಯೇ ಹೊರಡಿ. ಯಾವ ಸೇತುವೆಯಲ್ಲಿ ಕೆಲಸ ನಡೆದಿದೆ, ಯಾವ ಬಂಕ್ ಕೆಟ್ಟಿದೆ ಅನ್ನುವುದು ಫೋನಿಗಿಂತ ಅವರಿಗೆ ಮೊದಲು ಗೊತ್ತು.

ಬೆಟ್ಟಿಹಿಲ್‌ನಿಂದ ವಾಪಸ್ ಬರುವಾಗ ಆಲ್‌ನೆಸ್ ಹತ್ತಿರ ಬೆಟ್ಟದ ನೆತ್ತಿಯಲ್ಲಿ ಕಮಾನುಗಳ ಒಂದು ಕಟ್ಟಡ ಕಾಣುತ್ತದೆ, ಫೈರಿಶ್ ಸ್ಮಾರಕ. ಕಟ್ಟಿಸಿದವನು ಹೆಕ್ಟರ್ ಮನ್ರೊ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಮುರಿದಾಗ, ನೆರವಿಗೆ ತಲುಪಲಾರದೆ ಮದ್ರಾಸಿಗೆ ಹಿಂದೆ ಸರಿದ ಸೇನಾಪತಿ ಇವನೇ. ಮರುವರ್ಷ ಡಚ್ಚರಿಂದ ನಾಗಪಟ್ಟಣ ಗೆದ್ದ. ಬೆಟ್ಟದ ಮೇಲಿರುವುದು ಆ ಕೋಟೆಯ ಬಾಗಿಲಿನ ಮಾದರಿ. ಪೊಳ್ಳಿಲೂರಿನ ನೆನಪಿಗೆ ಏನನ್ನೂ ಕಟ್ಟಿಸಲಿಲ್ಲ ಬಿಡಿ. ಹತ್ತಿ ಇಳಿಯಲು ಒಂದೆರಡು ಗಂಟೆ ಸಾಕು.

ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನಿನಂತೆ ಯಾರ ಹೊಲ, ಯಾರ ಬೆಟ್ಟದ ಮೇಲಾದರೂ ಜವಾಬ್ದಾರಿಯಿಂದ ನಡೆಯುವ ಹಕ್ಕು ನಿಮಗಿದೆ. ಬೆಳೆ ತುಳಿಯಬೇಡಿ, ಮರಿ ಹಾಕಿದ ಕುರಿಗಳಿಂದ ದೂರ ಇರಿ. ದಾರಿಯಲ್ಲಿ ಗೇಟು ಸಿಕ್ಕರೆ ಅದು ಹೇಗಿತ್ತೋ ಹಾಗೇ ಬಿಟ್ಟು ಹೋಗಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಆಚೆ ನೀರು ಕುಡಿಯಲು ಹೋದ ಕುರಿಗಳು ಅದೇ ಗೇಟಿನಿಂದ ವಾಪಸ್ ಬರಬೇಕು.